ಅರವತ್ತು ದಾಟಿದವರು ಕ್ಯಾಂಪರ್ ವ್ಯಾನ್‌ನಲ್ಲಿ ನಂದಿಬೆಟ್ಟಕ್ಕೆ ಹೊರಡುವ ಮುನ್ನ

ಟೆಂಪೊ ಟ್ರಾವೆಲರ್‌ಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಕೂರಿಸಿದ ಗಾಡಿಯನ್ನು ವರ್ಷಗಟ್ಟಲೆ ಕಾರು ಓಡಿಸಿದವರು ಕಾರಿನ ಲೆಕ್ಕದಲ್ಲೇ ಓಡಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ವಯಸ್ಸಾದ ಮೇಲೂ ಕೈಪಳಗು ಹೋಗಿರುವುದಿಲ್ಲ. ಕಣ್ಣು ಕಂಡದ್ದು ಕಾಲಿಗೆ ತಲುಪುವಷ್ಟರಲ್ಲಿ ಮಾತ್ರ ಸ್ವಲ್ಪ ತಡವಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಮುಂದಿನ ಗಾಡಿಗೆ ಕನಿಷ್ಠ 4–5 ಸೆಕೆಂಡ್ ಅಂತರ ಬಿಡಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಮೊದಲು ತೂಕ ಹಾಕಿಸಿ. ಕೋಲಾರದ ಟೊಮೆಟೊ ಮಂಡಿ ಸುತ್ತ, ಚಿಕ್ಕಬಳ್ಳಾಪುರದ ಕ್ರಷರ್‌ಗಳ ಹತ್ತಿರ ವೇಬ್ರಿಡ್ಜ್‌ಗೆ ಬರವಿಲ್ಲ. ಡೀಸೆಲ್, ನೀರು, ಸಾಮಾನು ಎಲ್ಲ ತುಂಬಿಸಿ, ಹೊರಡುವವರೂ ಕೂತ ಮೇಲೆ ಒಮ್ಮೆ ಇಡೀ ಗಾಡಿ, ಇನ್ನೊಮ್ಮೆ ಹಿಂದಿನ ಚಕ್ರ ಮಾತ್ರ ತೂಗಿಸಿ, ಆರ್‌ಸಿ ಮತ್ತು ಕಂಪನಿ ಪ್ಲೇಟ್‌ನಲ್ಲಿರುವ ಮಿತಿಯ ಜೊತೆ ಹೋಲಿಸಿ. 100 ಲೀಟರ್ ನೀರೆಂದರೆ 100 ಕೆ.ಜಿ. ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ಕುಲುಕಾಡಿ ಗಾಡಿಯನ್ನು ಓಲಾಡಿಸುತ್ತದೆ. ತಂಗುವ ಜಾಗದ ಹತ್ತಿರ ತುಂಬಿಸಿಕೊಳ್ಳುವುದೇ ವಾಸಿ.

ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಾಗಾಗಿ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ, ಟೈರ್ ಮೇಲಿನ ಗೀರುಗಳು ಎಷ್ಟೇ ಆಳವಿರಲಿ ಬದಲಿಸಿ. ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ.

ನಿಜವಾದ ಪರೀಕ್ಷೆ ಇರುವುದು ಇಳಿಜಾರಿನಲ್ಲಿ. ಹತ್ತುವಾಗ ಎಂಜಿನ್ ಏದುಸಿರು ಬಿಟ್ಟು ಎಚ್ಚರಿಸುತ್ತದೆ, ಇಳಿಯುವಾಗ ಗಾಡಿ ಸದ್ದಿಲ್ಲದೆ ವೇಗ ಕೂಡಿಸುತ್ತದೆ. ನಂದಿಯ ಹೇರ್‌ಪಿನ್ ತಿರುವುಗಳಿರಲಿ, ದೇವರಾಯನದುರ್ಗದ ರಸ್ತೆಯಿರಲಿ, ಮೇಲಿಂದ ಹೊರಡುವಾಗಲೇ ಎರಡನೇ ಗೇರ್‌ಗೆ ಹಾಕಿ. ಅಗತ್ಯವಿದ್ದರೆ ಒಂದನೇ ಗೇರ್. ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ವೇಗ 30ಕ್ಕೆ ಏರಿದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ಇಳಿಸಿ, ಪೂರ್ತಿ ಬಿಡಿ. ಸುಮ್ಮನೆ ತಾಗಿಸಿಕೊಂಡೇ ಇದ್ದರೆ ಬ್ರೇಕ್ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ತೇವ ಹೀರಿದ ಹಳೇ ಬ್ರೇಕ್ ಆಯಿಲ್ ಕುದಿದು ಪೆಡಲ್ ನೆಲಕ್ಕಿಳಿಯುತ್ತದೆ. ಆ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಗಾಡಿ ಓಡಿರಲಿ ಬಿಡಲಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಟ ಕೆಲವರಿಗಿದೆ. ಆಗ ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೇ ಬೀಳುತ್ತದೆ. ಎಂಜಿನ್ ಆಫ್ ಮಾಡಿದರಂತೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್‌ಗೆ ಬಲ ಕೊಡುವ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗೂ ಬಿಗಿಯುತ್ತದೆ.

ಸುಟ್ಟ ವಾಸನೆ ಬಂತೆಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಅರ್ಧ ಗಂಟೆ ಆರಲಿ. ನೀರು ಎರಚಬೇಡಿ, ಕಾದ ಡ್ರಮ್ ಬಿರುಕು ಬಿಡುತ್ತದೆ.

ಸೂರ್ಯೋದಯ ನೋಡಲೆಂದು ಕತ್ತಲಲ್ಲೇ ಬೆಟ್ಟ ಹತ್ತುವ ಆಸೆ ವಯಸ್ಸಾದವರಿಗೆ ಬೇಡ. ಎದುರಿನ ಹೆಡ್‌ಲೈಟ್ ಹೊಡೆದ ಮೇಲೆ ಕಣ್ಣು ಸರಿಹೋಗಲು ಈ ವಯಸ್ಸಿನಲ್ಲಿ ಹೆಚ್ಚು ಹೊತ್ತು ಬೇಕು. ಪೊರೆ ಶುರುವಾಗಿದ್ದರೆ ಇನ್ನೂ ಕಷ್ಟ. ಮಂಜಿದ್ದರೆ ಲೋ ಬೀಮ್ ಮಾತ್ರ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಸೀಟಿಗೆ ಕೂರುವ ಮೊದಲು ಸಕ್ಕರೆ ನೋಡಿಕೊಳ್ಳಬೇಕು. 70ಕ್ಕಿಂತ ಕಡಿಮೆಯಿದ್ದರೆ ಗ್ಲುಕೋಸ್ ತಿಂದು, ಸರಿಹೋದ ಮೇಲೂ ಮುಕ್ಕಾಲು ಗಂಟೆ ಕಾಯಿರಿ. ನೆಗಡಿ, ಅಲರ್ಜಿ ಮಾತ್ರೆ ನುಂಗಿದ ದಿನ ಸ್ಟೀರಿಂಗ್ ಬೇರೆಯವರಿಗೆ ಕೊಡಿ. ಮಧ್ಯಾಹ್ನ ಮುದ್ದೆ, ಬಸ್ಸಾರು ಹೊಟ್ಟೆ ತುಂಬ ಉಂಡು ಹೆದ್ದಾರಿಗೆ ಇಳಿಯುವ ಬದಲು ಒಳಗೆ ಹಾಸಿಗೆ ಇದ್ದೇ ಇದೆಯಲ್ಲ, ಅರ್ಧ ಗಂಟೆ ಮಲಗಿ.

55 ದಾಟಿದವರಿಗೆ ಲೈಸೆನ್ಸ್ ನವೀಕರಣ ಸಿಗುವುದು ಐದೈದು ವರ್ಷಕ್ಕೆ, ವೈದ್ಯರ ಫಾರ್ಮ್ 1ಎ ಸಹಿತ. ದಿನಾಂಕ ನೋಡಿಟ್ಟುಕೊಳ್ಳಿ.

ಗಾಡಿಯ ಎತ್ತರವನ್ನು, ಛಾವಣಿಯ ಎಸಿ ಸೇರಿಸಿ ಅಳೆದು, ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ. ರೈಲ್ವೆ ಅಂಡರ್‌ಪಾಸ್‌ಗಳ ಮುಂದೆ ಅದು ಬೇಕಾಗುತ್ತದೆ. ಮಳೆ ಬಂದಾಗ ಅಲ್ಲಿ ನೀರು ನಿಂತಿದ್ದರೆ ವಾಪಸ್ ತಿರುಗಿ.

ಓಡಿಸುವಾಗ ಗ್ಯಾಸ್ ರೆಗ್ಯುಲೇಟರ್ ಬಂದ್ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅಲಾರಂ ಇರಬೇಕಾದ್ದು ನೆಲದಿಂದ ಒಂದಡಿಯೊಳಗೆ, ಛಾವಣಿಯಲ್ಲಲ್ಲ.

ರಿವರ್ಸ್ ಹಾಕುವಾಗ ಒಬ್ಬರು ಕೆಳಗಿಳಿದು ನಿಮ್ಮ ಬಲಗನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ. ಅವರು ಮರೆಯಾದ ಕ್ಷಣ ಬ್ರೇಕ್. ನಿಲ್ಲಿಸಿದ ಮೇಲೆ ಚಕ್ರ ಉರುಳದಂತೆ ರಬ್ಬರ್ ಅಡ್ಡೆ (ಚಾಕ್) ಕೊಡಿ. ದಾರಿಯಲ್ಲಿ ಸಿಕ್ಕ ಕಲ್ಲೇ ಗತಿಯಾದರೆ, ಹೊರಡುವಾಗ ಅದನ್ನು ಎತ್ತಿ ಚರಂಡಿಯ ಆಚೆ ಹಾಕಿ.