ನಾಲ್ಕು ಪಾದದ ಲೆಕ್ಕ: 100 ಮೀಟರ್ ಹರ್ಡಲ್ಸ್‌ನಲ್ಲಿ ನಾನು ಮೂರು ಹೆಜ್ಜೆಗೆ ಬಂದದ್ದು
ನನ್ನ ಎತ್ತರ 5 ಅಡಿ 1 ಇಂಚು. ಹರ್ಡಲ್ಸ್ ಓಡುವವರಿಗೆ ಇಷ್ಟು ಹೇಳಿದರೆ ಉಳಿದ ಕಷ್ಟ ತಾನಾಗೇ ಅರ್ಥವಾಗುತ್ತದೆ. ಎರಡು ಹರ್ಡಲ್ ನಡುವಿನ ಎಂಟೂವರೆ ಮೀಟರ್ ಗ್ಯಾಪನ್ನು ವೇಗವಾಗಿ ಓಡುವವರು ಮೂರೇ ಹೆಜ್ಜೆಯಲ್ಲಿ ಮುಗಿಸುತ್ತಾರೆ, ನನಗದು ಸಿಗುತ್ತಲೇ ಇರಲಿಲ್ಲ. ನಾಲ್ಕು ಹಾಕುತ್ತಿದ್ದೆ. ಒಂದು ಹರ್ಡಲ್‌ಗೆ ಬಲಗಾಲು ಮುಂದೆ, ಮುಂದಿನದಕ್ಕೆ ಎಡಗಾಲು. "ನಿನ್ನ ಎತ್ತರಕ್ಕೆ ಮೂರು ಆಗಲ್ಲ, 400 ಮೀಟರ್‌ಗೆ ಹೋಗು" ಅಂತ ಹೇಳದ ಕೋಚ್ ಇಲ್ಲ.

2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಅಂತರ ವಿಶ್ವವಿದ್ಯಾಲಯ ಕೂಟ ಇತ್ತು. ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ನನ್ನದು 16.4 ಸೆಕೆಂಡ್ ಚಿಲ್ಲರೆ, ಅಲ್ಲಿಗೇ ಮುಗಿಯಿತು. ಅದೇ ಕೂಟದಲ್ಲಿ ಜ್ಯೋತಿ ಯರ್ರಾಜಿ 13.03 ಓಡಿದರು. ಆಗ ರಾಷ್ಟ್ರೀಯ ದಾಖಲೆ ಅನುರಾಧಾ ಬಿಸ್ವಾಲ್ ಅವರ 13.38, ಅದೂ 2002ರದ್ದು. ಆದರೆ ಕೂಟದಲ್ಲಿ ಡೋಪ್ ಟೆಸ್ಟ್ ಆಗಲಿಲ್ಲ ಅಂತ ಜ್ಯೋತಿಯ ಓಟ ದಾಖಲೆಗೆ ಸೇರಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆ ದಿನ ನಾನು ಅವರ ಎತ್ತರ ನೋಡಲಿಲ್ಲ, ಹರ್ಡಲ್ ದಾಟಿ ಇಳಿಯುವ ಪಾದ ಮಾತ್ರ ನೋಡಿದೆ. ಅದು ನೆಲ ಮುಟ್ಟುವುದೂ ಮುಂದಿನ ಹೆಜ್ಜೆ ಹೊರಡುವುದೂ ಒಂದೇ ಆಗಿತ್ತು.

ಅದಕ್ಕೆ ಮುಂಚೆ ಒಂದು ವರ್ಷ ಹೆಜ್ಜೆ ಉದ್ದ ಮಾಡಲು ಹೋಗಿ ಹಾಳಾದೆ. ಉದ್ದ ಹಾಕಿದಷ್ಟೂ ಪಾದ ಮೈಗಿಂತ ಮುಂದೆ ಬೀಳುತ್ತಿತ್ತು, ಬ್ರೇಕ್ ಹಾಕಿದ ಹಾಗೆ. ಕಾಲಿಗೆ ತೂಕ ಕಟ್ಟಿಕೊಂಡು ಓಡಿದೆ. ಮೂರನೇ ವಾರಕ್ಕೆ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಿಡಿಯಿತು. ಫಿಸಿಯೋಗೆ ಒಂದು ಸಲಕ್ಕೆ 400 ರೂಪಾಯಿ, ಹತ್ತು ಹನ್ನೆರಡು ಸಲ ಹೋದೆ. ಅಪ್ಪ ಆ ವರ್ಷ ಅಡಿಕೆ ಮುಂಗಡದ ದುಡ್ಡಲ್ಲಿ ಕೊಟ್ಟದ್ದು ಅದು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಮೈದಾನಕ್ಕೆ ಬೀಗ ಬಿತ್ತು. ಉಳಿದದ್ದು ನಮ್ಮ ಅಡಿಕೆ ಅಂಗಳ. ಉದ್ದ ಎಲ್ಲಾ ಸೇರಿ ಮೂವತ್ತೈದು ಮೀಟರ್ ಇರಬಹುದು, ಮೂರು ಹರ್ಡಲ್ ಹಿಡಿಸುತ್ತದೆ. ಮೊದಲು ಅಡಿಕೆ ದಬ್ಬೆಯಲ್ಲೇ ಹರ್ಡಲ್ ಕಟ್ಟಿದೆ. ಎರಡನೇ ದಿನ ಟ್ರೇಲ್ ಲೆಗ್ (ಹಿಂದಿನಿಂದ ದಾಟುವ ಕಾಲು) ಬಡಿದು ದಬ್ಬೆ ಸೀಳಿತು, ಮೊಣಕಾಲಿನ ಒಳಗೆ ಎರಡು ಇಂಚಿನ ಸಿಬರು. ಆಮೇಲೆ ಪಿವಿಸಿ ಪೈಪ್ ತಂದೆ. ಒಂದಕ್ಕೆ ಸುಮಾರು 350 ರೂಪಾಯಿ ಬಿತ್ತು. ಪೈಪ್ ಹಗುರ, ಬಡಿದರೆ ಹಾರಿಹೋಗುತ್ತದೆ, ಕಾಲು ಉಳಿಯುತ್ತದೆ.

ನಾನು ಮಾಡಿದ್ದು ಇಷ್ಟೇ. ಗ್ಯಾಪ್ ಏಳೂವರೆ ಮೀಟರ್‌ಗೆ ಇಳಿಸಿದೆ. ಎತ್ತರ 84 ಬಿಟ್ಟು 76 ಸೆಂಟಿಮೀಟರ್. ಅಲ್ಲಿ ಮೂರು ಹೆಜ್ಜೆ ಆರಾಮಾಗಿ ಬಂತು. ಎಂಟೂವರೆಗೆ ಇನ್ನೊಂದು ಮೀಟರ್ ಬೇಕು, ಅಂದರೆ ನನ್ನ ಸ್ಪೈಕ್‌ನ (ಮೊಳೆಯಿರುವ ಓಟದ ಶೂ) ಅಳತೆಯಲ್ಲಿ ನಾಲ್ಕು ಪಾದ. ಸತತ ಹತ್ತು ಓಟ ಮೂರು ಹೆಜ್ಜೆಯಲ್ಲೇ, ಎಳೆದಾಡದೆ ಬಂದರೆ ಮಾತ್ರ ಒಂದು ಪಾದ ಕೂಡಿಸುವುದು. ಒಂಬತ್ತು ಬಂದರೂ ಕೂಡಿಸುವುದಿಲ್ಲ. ಉದ್ದದ ಯೋಚನೆಯೇ ಬಿಟ್ಟು ಬರೀ ಚುರುಕಿನ ಹಿಂದೆ ಬಿದ್ದೆ.

ಮೊದಲ ಎರಡು ಪಾದ ಎರಡು ತಿಂಗಳಲ್ಲಿ ಆಯಿತು. ಮೂರನೆಯದಕ್ಕೆ ಏಳು ತಿಂಗಳು! ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರುತ್ತಿತ್ತು. ದಿನಾ ಸುಣ್ಣದ ಪುಡಿ ಹಾಕಿ ಉಜ್ಜಿ ಓಡುತ್ತಿದ್ದೆ.

ದಾರಿ ಸಿಕ್ಕಿದ್ದು ತಾಳದಲ್ಲಿ. ಮೂರು ಹೆಜ್ಜೆ ಅಲ್ವಾ ಅಂತ ಬಾಯಲ್ಲಿ "ತಕಿಟ, ತಕಿಟ" ಹೇಳಿಕೊಂಡು ಓಡುತ್ತಿದ್ದೆ. ಯಾವಾಗಲೂ ಎರಡನೇ ಹರ್ಡಲ್‌ಗೆ ತಾಳ ತಪ್ಪುತ್ತಿತ್ತು. ಒಂದು ಸಂಜೆ ತಂಗಿ ಮೊಬೈಲಲ್ಲಿ ತೆಗೆದ ವಿಡಿಯೋ ನಿಧಾನ ಮಾಡಿ ನೋಡಿದೆ. ಪಾದ ನೆಲ ಮುಟ್ಟುವುದು ಮೂರು ಸಲ ಅಲ್ಲ, ನಾಲ್ಕು ಸಲ. ಹರ್ಡಲ್ ದಾಟಿ ಇಳಿಯುವ ಪಾದವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೂಡುಬಿದಿರೆಯಲ್ಲಿ ಕಣ್ಣಾರೆ ಕಂಡಿದ್ದೆ, ಬಾಯಲ್ಲಿ ಹೇಳುವಾಗ ಬಿಟ್ಟಿದ್ದೆ! ಮರುದಿನದಿಂದ "ತ-ಕ-ಧಿ-ಮಿ". "ತ" ಅಂದರೆ ಇಳಿದ ಪಾದ, ಅದಕ್ಕೇ ಒತ್ತು. "ಮಿ" ಅಂದರೆ ಜಿಗಿಯುವ ಪಾದ. ಎರಡೇ ವಾರದಲ್ಲಿ ಮೂರನೇ ಪಾದ ಬಂತು. "ಧಿ"ಯಿಂದ "ಮಿ"ಗೆ ಹೋಗುವಾಗ ನಾನು ಮಾಡುವ ಒಂದು ಚಿಕ್ಕ ಬದಲಾವಣೆ ಇದೆ. ಅದು ಮಾತ್ರ ಇಲ್ಲಿ ಬರೆಯುವುದಿಲ್ಲ, ಇನ್ನೂ ಓಡುತ್ತಿದ್ದೇನೆ.

ನಡುವೆ ಎಡಗಾಲಲ್ಲೂ ಮೂರು ಹೆಜ್ಜೆ ಕಲಿಯಲು ನೋಡಿದೆ. ನಾಲ್ಕರ ಕಾಲದಿಂದ ಎರಡೂ ಕಾಲು ಪಳಗಿದ್ದವಲ್ಲ. ಏನೂ ಪ್ರಯೋಜನ ಆಗಲಿಲ್ಲ, ಆದರೆ ಸೊಂಟದ ಬಿಗಿತ ಕಡಿಮೆ ಆಯಿತು. ವಾರಕ್ಕೊಮ್ಮೆ ಈಗಲೂ ಮಾಡುತ್ತೇನೆ.

ನಾಲ್ಕನೇ ಪಾದ ಸಿಂಥೆಟಿಕ್ ಟ್ರ್ಯಾಕ್ ಸಿಕ್ಕ ಮೇಲೇ ಬಂದದ್ದು. ಅಂಗಳದಲ್ಲಿ ಸ್ಪೈಕ್ ಹಿಡಿಯುವುದಿಲ್ಲ. ಹಳೆಯ ಸ್ಪೈಕ್ 1,800ಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಬಸ್ಸು, ಊಟ, ರೂಮು ಸೇರಿ ಆ ವರ್ಷ ನಲವತ್ತು ಸಾವಿರ ದಾಟಿತು. ಬೆಳಿಗ್ಗೆ ಟ್ಯೂಷನ್ ಹೇಳಿ ಅರ್ಧ ದುಡಿದೆ.

2022ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಕೂತು ಜ್ಯೋತಿಯ 12.82 ನೋಡಿದೆ. ಈ ಸಲ ಹಿಂದಿನಿಂದ ಬೀಸುವ ಗಾಳಿಯೂ ಮಿತಿಯೊಳಗೆ (ಸೆಕೆಂಡಿಗೆ 2 ಮೀಟರ್), ದಾಖಲೆಗೂ ಸೇರಿತು. ಅದೇ ವರ್ಷ ಕೋಳಿಕ್ಕೋಡ್‌ನಲ್ಲಿ ಅವರ 13.09 ಗಾಳಿ 2.1 ಇತ್ತು ಅಂತ ಬಿದ್ದುಹೋಗಿತ್ತು. ಬರೀ 0.1ಕ್ಕೆ! ನನಗೂ ಹಾಗೇ ಆಯಿತು. ಮುಂದಿನ ಸೀಸನ್‌ನ ಮೊದಲ ಕೂಟದಲ್ಲಿ 14.7 ಓಡಿದೆ, ಗಾಳಿ 2 ಮೀರಿತ್ತು. ಮೂರು ವಾರ ಬಿಟ್ಟು 14.8, ಗಾಳಿ ಸರಿಯಾಗಿತ್ತು. ಹತ್ತೂ ಹರ್ಡಲ್ ಮೂರು ಹೆಜ್ಜೆಯಲ್ಲೇ. 16.4ರಿಂದ 14.8! ಹರ್ಡಲ್‌ನಿಂದ ಹರ್ಡಲ್‌ಗೆ 1.3 ಸೆಕೆಂಡ್ ಇದ್ದದ್ದು 1.17ರ ಹತ್ತಿರ ಬಂದಿತ್ತು.

400ಕ್ಕೆ ಹೋಗು ಅಂದಿದ್ದ ಒಬ್ಬರು ಅವತ್ತು ಟ್ರ್ಯಾಕ್ ಪಕ್ಕದಲ್ಲೇ ಇದ್ದರು. ನಾನೇ ಹೋಗಿ ಮಾತಾಡಿಸಿದೆ. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ 12.12 ಓಡಿ ವಿಶ್ವದಾಖಲೆ ಮಾಡಿದ ನೈಜೀರಿಯಾದ ಟೋಬಿ ಅಮುಸನ್ ಕೂಡ ಹೆಚ್ಚುಕಡಿಮೆ ನನ್ನಷ್ಟೇ ಎತ್ತರದವರು ಅಂದೆ. ಅವರು ನನ್ನ ಸ್ಪೈಕ್ ನೋಡಿ, "ಗ್ಯಾಪ್ ಎಷ್ಟರಿಂದ ಶುರು ಮಾಡಿದ್ದೆ?" ಅಂತ ಕೇಳಿದರು. ಹೇಳಿದೆ.

ಈಗ ನಮ್ಮ ಅಂಗಳಕ್ಕೆ ಊರಿನ ಹೈಸ್ಕೂಲ್ ಹುಡುಗಿಯೊಬ್ಬಳು ಬರುತ್ತಾಳೆ. ನನಗಿಂತ ಒಂದು ಇಂಚು ಗಿಡ್ಡ. ಎರಡನೇ ಪಾದದಲ್ಲಿದ್ದಾಳೆ. ನಿನ್ನೆ ಸಂಜೆ ಒಂಬತ್ತು ಓಟ ಸರಿ ಬಂತು, ಹತ್ತನೆಯದಕ್ಕೆ ಪೈಪ್ ಹಾರಿತು. ಗ್ಯಾಪ್ ಹಾಗೇ ಇಟ್ಟಿದ್ದೇನೆ.