ಬಾಯಿ ಮುಚ್ಚಿ, ಕಡತ ಬಿಚ್ಚಿ: ಗ್ರ್ಯಾಂಡ್ ಜ್ಯೂರಿ ಸಬ್‌ಪೀನಾ ಬಂದಾಗ ನಾನು ಮಾಡಿದ್ದು

ನ್ಯೂಜೆರ್ಸಿಯಲ್ಲಿ ನಮ್ಮದೊಂದು ಸಣ್ಣ ಐಟಿ ಸ್ಟಾಫಿಂಗ್ ಕಂಪನಿ. ಕ್ಲೈಂಟ್‌ಗೂ ನಮಗೂ ನಡುವೆ, ನಮ್ಮ ಮೇಲಿನ ಲೇಯರ್‌ನಲ್ಲಿದ್ದ ವೆಂಡರ್ ಮೇಲೆ ಫೆಡರಲ್ ಕ್ರಿಮಿನಲ್ ತನಿಖೆ ಶುರುವಾಯಿತು. ಅವರ ಕೆಳಗೆ ಕನ್ಸಲ್ಟೆಂಟ್‌ಗಳನ್ನು ಹಾಕಿದ್ದ ನಮಗೂ ಇನ್ನು ಕೆಲವರಿಗೂ ಗ್ರ್ಯಾಂಡ್ ಜ್ಯೂರಿಯಿಂದ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸಬ್‌ಪೀನಾ, ಅಂದರೆ ದಾಖಲೆ ಕೊಡಿ ಎಂಬ ಆಜ್ಞೆ ಬಂತು. ಎರಡು ವರ್ಷ ಹತ್ತಿರ ಎಳೆದು ಈಗ ನಮ್ಮ ಮಟ್ಟಿಗೆ ಮುಗಿದಿದೆ. ಯಾವ ಆರೋಪವೂ ಬರಲಿಲ್ಲ. ಆಗ ನಕ್ಕವರೇ ಈಗ ಫೋನ್ ಮಾಡಿ ‘ಹೇಗೆ ಮಾಡಿದ್ರಿ ಸಾರ್’ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸುದ್ದಿ ಮುಚ್ಚಿಡಲು ಆಗುವಂಥದ್ದಾಗಿರಲಿಲ್ಲ. ಇಲ್ಲಿನ ಭಾರತೀಯರ ಅಂಗಡಿ ಬೀದಿಯಾದ ಓಕ್ ಟ್ರೀ ರೋಡಿನಲ್ಲಿ ಸಿಕ್ಕವರೆಲ್ಲರದ್ದೂ ಒಂದೇ ಸಲಹೆ: ‘ನೀವು ತಪ್ಪು ಮಾಡಿಲ್ಲ ತಾನೆ? ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ. ಲಾಯರ್ ಇಟ್ರೆ ಅನುಮಾನ ಜಾಸ್ತಿ.’ ಮೈಸೂರಿನಿಂದ ಅಣ್ಣನೂ ಅದನ್ನೇ ಅಂದ: ‘ಸಾಹೇಬ್ರ ಹತ್ರ ಮಾತಾಡಿ ಮುಗಿಸ್ಕೊಳ್ಳೋ, ಲಾಯರ್‌ಗೆ ಯಾಕೆ ಅಷ್ಟು ಸುರೀತೀಯ?’ ನಾನು ಒಪ್ಪಲಿಲ್ಲ. ಇಲ್ಲಿ ತನಿಖೆ ಮಾಡುವ ಫೆಡರಲ್ ಏಜೆಂಟರ ಮುಂದೆ ಬೇಕಂತಲೇ ಸುಳ್ಳು ಹೇಳಿದರೆ, ಪ್ರಮಾಣ ಮಾಡಿರದಿದ್ದರೂ, ಅದೇ ಬೇರೆ ಅಪರಾಧ. ಸೆಕ್ಷನ್ 1001, ಐದು ವರ್ಷದವರೆಗೆ ಜೈಲು. 2004ರಲ್ಲಿ ಟಿವಿಯ ಹೆಸರಾಂತ ಉದ್ಯಮಿ ಮಾರ್ಥಾ ಸ್ಟೀವರ್ಟ್ ವಿಚಾರಣೆಯಲ್ಲಿ ಷೇರು ವಂಚನೆಯ ಆರೋಪವನ್ನು ನ್ಯಾಯಾಧೀಶರೇ ತೆಗೆದುಹಾಕಿದ್ದರು. ಆಕೆ ಐದು ತಿಂಗಳು ಒಳಗಿದ್ದದ್ದು ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿ ತನಿಖೆಗೆ ಅಡ್ಡಿ ಮಾಡಿದ್ದಕ್ಕೆ. ನೆನಪಿನ ಮೇಲೆ ಮಾತಾಡಿ ಒಂದು ತಾರೀಖು ತಪ್ಪಿದರೆ, ಅದು ಮರೆವೋ ಸುಳ್ಳೋ ಅಂತ ತೀರ್ಮಾನಿಸುವವರು ಎದುರಿಗೆ ಕೂತವರು.

ಮೊದಲು ವಕೀಲರ ವಿಷಯ. ನಮ್ಮ ಇಮಿಗ್ರೇಷನ್ ಲಾಯರ್ ಪ್ರಾಮಾಣಿಕರು, ‘ಇದು ನನ್ನ ಕೆಲಸ ಅಲ್ಲ’ ಅಂದುಬಿಟ್ಟರು. ಟ್ರಾಫಿಕ್, ಡಿಡಬ್ಲ್ಯುಐ (ಕುಡಿದು ಗಾಡಿ ಓಡಿಸಿದ) ಕೇಸು ನೋಡುವ ಒಬ್ಬರು ನಾಲ್ಕು ಸಾವಿರ ಡಾಲರ್‌ಗೆ ಒಪ್ಪಿದರು. ಅವರ ಯೋಜನೆ ಎಂದರೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ತುಂಬಿ ಕೊಟ್ಟುಬಿಡುವುದು. ಅಲ್ಲಿಂದ ಎದ್ದು ಬಂದೆ. ಕೊನೆಗೆ ಹಿಡಿದದ್ದು ಹಿಂದೆ ಫೆಡರಲ್ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ವಕೀಲರು) ಆಗಿದ್ದ ಒಬ್ಬ ಹೆಂಗಸನ್ನು. ಹದಿನೈದು ಸಾವಿರ ರಿಟೇನರ್ ಅಂದರೆ ಮುಂಗಡ, ಗಂಟೆಗೆ ಆರುನೂರ ಐವತ್ತರ ಆಸುಪಾಸು. ಬ್ಯಾಂಕಿನ ಲೈನ್ ಆಫ್ ಕ್ರೆಡಿಟ್‌ನಿಂದ ತೆಗೆದು ಕಟ್ಟಿದೆ. ಆಕೆಯನ್ನು ಆರಿಸುವ ಮೊದಲು ನಾನು ಎಲ್ಲರಿಗೂ ಕೇಳಿದ ಎರಡು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟದಲ್ಲಿರುವವರು ನೇರವಾಗಿ ಕೇಳಲಿ.

ಆಕೆಯ ಮೊದಲ ಫೋನ್ ಈ ತನಿಖೆಯ ಪ್ರಾಸಿಕ್ಯೂಟರ್ ಆದ ಅಸಿಸ್ಟೆಂಟ್ ಯುಎಸ್ ಅಟಾರ್ನಿಗೆ: ನನ್ನ ಕಕ್ಷಿದಾರ ಟಾರ್ಗೆಟ್ಟೋ, ಸಬ್ಜೆಕ್ಟೋ, ಬರೀ ಸಾಕ್ಷಿಯೋ? ಟಾರ್ಗೆಟ್ ಅಂದರೆ ಆರೋಪ ಹೊರಿಸುವ ಸಾಧ್ಯತೆ ಹೆಚ್ಚಿರುವವನು, ಸಬ್ಜೆಕ್ಟ್ ಅಂದರೆ ನಡತೆ ತನಿಖೆಯ ವ್ಯಾಪ್ತಿಯೊಳಗೆ ಇರುವವನು. ‘ಸಬ್ಜೆಕ್ಟ್’ ಅಂತ ಉತ್ತರ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೆ ನಿಂತ ಜಾಗ ಯಾವುದೆಂದು ಗೊತ್ತಾಯಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಫಿಫ್ತ್ ಅಮೆಂಡ್‌ಮೆಂಟ್ ಹಕ್ಕು ಕಾರ್ಪೊರೇಷನ್‌ಗೆ ಇಲ್ಲ. 1988ರ ಬ್ರಾಸ್‌ವೆಲ್ ತೀರ್ಪಿನ ಪ್ರಕಾರ ಒಬ್ಬನೇ ಮಾಲೀಕನಿದ್ದರೂ ಕಂಪನಿಯ ಕಡತ ಕೊಡಲೇಬೇಕು. ಬಾಯಿ ಮಾತ್ರ ನನ್ನ ಸ್ವಂತದ್ದು. ಹಾಗಾಗಿ ಕಡತ ಪೂರ್ತಿ, ಅಚ್ಚುಕಟ್ಟಾಗಿ. ಮಾತು ವಕೀಲರ ಮೂಲಕ ಮಾತ್ರ ಎಂದು ನಿಶ್ಚಯಿಸಿದೆವು.

ಕಡತದ ಕೆಲಸವೇ ಜೀವ ಹಿಂಡಿದ್ದು. ಸಬ್‌ಪೀನಾ ಬಂದ ದಿನವೇ ಯಾರೂ ಏನನ್ನೂ ಅಳಿಸಬಾರದೆಂದು ಬರೆದು ಕಳಿಸಿದೆ. ತನಿಖೆಗೆ ಸಿಗದಿರಲೆಂದು ದಾಖಲೆ ಅಳಿಸಿದರೆ, ತಿದ್ದಿದರೆ ಇಪ್ಪತ್ತು ವರ್ಷದವರೆಗೂ ಶಿಕ್ಷೆ. ನಮ್ಮದು ಗೂಗಲ್ ವರ್ಕ್‌ಸ್ಪೇಸ್‌ನ ಅಗ್ಗದ ಪ್ಲಾನ್, ಅದರಲ್ಲಿ ಮೇಲ್ ಅಳಿಯದಂತೆ ಕಾಪಿಡುವ ವಾಲ್ಟ್ ಬರುವುದಿಲ್ಲ. ಅವತ್ತೇ ಪ್ಲಾನ್ ಏರಿಸಿ ಎಲ್ಲ ಮೇಲ್‌ಬಾಕ್ಸ್‌ಗಳಿಗೆ ಹೋಲ್ಡ್ ಹಾಕಿಸಿದೆ. ದುಡ್ಡು ಉಳಿಸಲು ನಮ್ಮ ಹುಡುಗನೇ ಕಡತಗಳನ್ನು ಒಟ್ಟು ಮಾಡಿದ, ಎರಡು ವಾರ ಕೂತು ಎಲ್ಲವನ್ನೂ ಹೊಸ ಫೋಲ್ಡರ್‌ಗಳಿಗೆ ಹಾಕಿದ. ತೆರೆದು ನೋಡಿದರೆ 2018ರ ಟೈಮ್‌ಶೀಟ್‌ಗೆ ಮೊನ್ನೆಯ ತಾರೀಖು! ಕಾಪಿ ಮಾಡಿದ ದಿನವೇ ಫೈಲ್ ಹುಟ್ಟಿದ ದಿನವಾಗಿ ಕೂತಿತ್ತು. ಅಷ್ಟನ್ನೂ ಬಿಟ್ಟು, ಕೇಸಿಗೆ ಬೇಕಾದ ಡಿಜಿಟಲ್ ದಾಖಲೆ ತೆಗೆದು ಜೋಡಿಸಿಕೊಡುವ ಇ-ಡಿಸ್ಕವರಿ ಕಂಪನಿಗೆ ಒಂಬತ್ತು ಸಾವಿರ ಕೊಟ್ಟು ಮೊದಲಿನಿಂದ ಮಾಡಿಸಿದ್ದಾಯಿತು. ಪ್ರತಿ ಪುಟಕ್ಕೂ ಬೇಟ್ಸ್ ನಂಬರ್, ಅಂದರೆ ಕ್ರಮಸಂಖ್ಯೆ ಬಿತ್ತು, ಕೊಡಬೇಕಿಲ್ಲದ ವಕೀಲರೊಂದಿಗಿನ ಪತ್ರಗಳಿಗೆ ಬೇರೆ ಪಟ್ಟಿ. ಸಬ್‌ಪೀನಾ ಕೇಳಿದ್ದು ಎಲ್ಲರ ಎಲ್ಲ ಮೇಲ್. ವಕೀಲರು ಮಾತಾಡಿ ಅದನ್ನು ನಾಲ್ಕು ಜನರ ಮೇಲ್‌ಗೆ ಇಳಿಸಿ, ಕಂತಿನಲ್ಲಿ ಕೊಡಲು ಒಪ್ಪಿಸಿದರು.

ವಾಟ್ಸಾಪ್‌ನದ್ದು ಬೇರೆಯೇ ಕಥೆ. ರಿಕ್ರೂಟರ್ ಹುಡುಗನೊಬ್ಬನ ಫೋನಿನಲ್ಲಿ ಮೆಸೇಜ್ ತಾನಾಗಿ ಮಾಯವಾಗುವ ಸೆಟ್ಟಿಂಗ್ ಮೊದಲಿನಿಂದಲೂ ಆನ್ ಇತ್ತು. ಆಫ್ ಮಾಡಿಸಿದೆವು. ಅಳಿದದ್ದು ಎಷ್ಟು, ಯಾಕೆ ಅಂತ ಪ್ರಾಸಿಕ್ಯೂಟರ್ ಕೇಳುವ ಮೊದಲೇ ವಕೀಲರು ಬರೆದು ತಿಳಿಸಿದರು. ಆ ಒಂದು ಪತ್ರದ ನಂತರ ಆ ಕಡೆಯ ದನಿಯೇ ಮೆತ್ತಗಾಯಿತು ಅಂತ ನನ್ನ ಲೆಕ್ಕ. ಇನ್ನೊಂದು ತೊಡಕು: ನಮ್ಮವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು. ‘ಕಳಿಸಿದ್ದೀನಿ’ ಎನ್ನುವುದನ್ನು ನಾಲ್ಕೈದು ಬಗೆಯಲ್ಲಿ ಬರೆದಿದ್ದರು, ಡಿಸ್ಕವರಿ ಕಂಪನಿಯ ಹುಡುಕಾಟದಲ್ಲಿ ಅರ್ಧವೂ ಸಿಗಲಿಲ್ಲ. ಎರಡು ರಾತ್ರಿ ಕೂತು ನಾನೇ ಒಂದು ಪದಪಟ್ಟಿ ಮಾಡಿದೆ, ಒಂದೂವರೆ ಸಾವಿರ ಮೆಸೇಜ್ ಹೆಚ್ಚಿಗೆ ಸಿಕ್ಕವು. ಕಂಪನಿಯವರು ಆ ಪಟ್ಟಿಯನ್ನು ತಮಗೂ ಕೊಡಿ ಅಂದರು. ಕೊಡಲಿಲ್ಲ.

ಅಷ್ಟರಲ್ಲಿ ಇಬ್ಬರು ಏಜೆಂಟರು ಆ ರಿಕ್ರೂಟರ್ ಹುಡುಗನ ಮನೆ ಬಾಗಿಲಿಗೆ ಬಂದರು. ಅವನು ಹಾಸನದವನು, ಎಚ್-1ಬಿ ಕೆಲಸದ ವೀಸಾ ಮೇಲಿರುವವನು, ನಡುಗುತ್ತಾ ಫೋನ್ ಮಾಡಿದ: ‘ಅಣ್ಣಾ, ಏನು ಹೇಳ್ಲಿ?’ ಹೊರಗಿನವರಿಗೆ ಅರ್ಥವಾಗದ ಜಾಗ ಇದು. ‘ಮಾತಾಡಬೇಡ’ ಎಂದು ನಾನು ಹೇಳಿದರೆ ಸಾಕ್ಷಿಯನ್ನು ತಡೆದ ಹಾಗಾಗಬಹುದು. ನಾನು ಹೇಳಿದ್ದು ಇಷ್ಟೇ: ‘ಮಾತಾಡೋದೂ ಬಿಡೋದೂ ನಿನ್ನ ಹಕ್ಕು ಕಣೋ. ಮಾತಾಡಿದ್ರೆ ನಿಜಾನೇ ಹೇಳು. ನಿನಗೇ ಬೇರೆ ವಕೀಲ ಬೇಕು ಅಂದ್ರೆ ಖರ್ಚು ಕಂಪನಿದು.’ ಕಂಪನಿಯ ವಕೀಲರು ಅವನ ವಕೀಲರಲ್ಲ, ಅದನ್ನು ಆಕೆಯೂ ಅವನಿಗೆ ಸ್ಪಷ್ಟವಾಗಿ ಹೇಳಿದರು. ಅವನ ವಕೀಲರಿಗೆ ಆರೇಳು ಸಾವಿರ ಆಯಿತು. ಆ ದುಡ್ಡಿನ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ನಮ್ಮ ಸಿಪಿಎ (ಲೆಕ್ಕಪರಿಶೋಧಕರು) ಹತ್ತು ವರ್ಷದ ಸ್ನೇಹಿತರು, ‘ಎಲ್ಲಾ ನನ್ನ ಹತ್ರ ಹೇಳ್ಕೊಳ್ಳಿ’ ಎಂದರು. ಹೇಳಲಿಲ್ಲ. ವಕೀಲರ ಜೊತೆಗಿನ ಮಾತಿಗಿರುವ ರಕ್ಷಣೆ ಕ್ರಿಮಿನಲ್ ವಿಷಯದಲ್ಲಿ ಸಿಪಿಎ ಜೊತೆಗಿನ ಮಾತಿಗಿಲ್ಲ. ಲೆಕ್ಕ ನೋಡಲು ಬೇರೊಬ್ಬರನ್ನು ವಕೀಲರೇ ನೇಮಿಸಿಕೊಂಡರು. ವಕೀಲರಿಗೆ ನೆರವಾಗುವ ಲೆಕ್ಕಿಗರ ಜೊತೆಗಿನ ಮಾತಿಗೂ ಆ ರಕ್ಷಣೆ ಸಿಗಬಹುದೆಂಬ 1961ರ ಕೊವೆಲ್ ತೀರ್ಪಿನಿಂದ ಬಂದ ದಾರಿ ಇದು. ಸಿಪಿಎಗೆ ನೋವಾಯಿತು, ಆಮೇಲೆ ಸರಿಹೋದರು.

ಪ್ರಾಸಿಕ್ಯೂಟರ್ ಕಡೆಯಿಂದ ಪ್ರಾಫರ್‌ಗೆ ಕರೆ ಬಂತು. ‘ಕ್ವೀನ್ ಫಾರ್ ಎ ಡೇ’ ಪತ್ರಕ್ಕೆ ಸಹಿ ಹಾಕಿ ಕೂತು ಮಾತಾಡುವುದು. ಹೇಳಿದ್ದನ್ನು ನೇರವಾಗಿ ಸಾಕ್ಷ್ಯವಾಗಿ ಬಳಸುವುದಿಲ್ಲ ಅನ್ನುತ್ತಾರೆ, ಆದರೆ ಆ ಮಾತಿನ ಎಳೆ ಹಿಡಿದು ಬೇರೆ ಸಾಕ್ಷ್ಯ ಹುಡುಕಬಹುದು, ಮುಂದೆ ಬೇರೆ ಥರ ಹೇಳಿದರೆ ಅದನ್ನೇ ಎದುರಿಗೆ ತರಬಹುದು. ಕನ್ನಡ ಕೂಟದ ಹಿರಿಯರೊಬ್ಬರು ‘ಹೋಗಿ ಬನ್ನಿ, ಒಳ್ಳೆ ಅಭಿಪ್ರಾಯ ಬರುತ್ತೆ’ ಎಂದು ಒತ್ತಾಯ ಮಾಡಿದರು. ನಾನು ಹೋಗಲಿಲ್ಲ. ನನ್ನ ಬದಲು ವಕೀಲರೇ ಹೋಗಿ, ಬೇಟ್ಸ್ ನಂಬರ್ ತೋರಿಸುತ್ತಾ ಒಂದೊಂದು ಇನ್‌ವಾಯ್ಸ್‌ಗೂ ಟೈಮ್‌ಶೀಟ್, ಬ್ಯಾಂಕ್ ಜಮೆ, ಪೇರೋಲ್ ಮೂರನ್ನೂ ಎದುರೆದುರು ಇಟ್ಟರು. ಆ ಜೋಡಿಸಿದ ಹಾಳೆಗಳನ್ನು ಮಾಡಿದವನು ನಾನು. ಇಂಥ ಹಾಳೆ ತಾನು ನೋಡೇ ಇಲ್ಲ ಎಂದರಂತೆ ಆ ಕಡೆಯವರು. ಕೆಲವು ತಿಂಗಳಲ್ಲಿ ನಾನು ‘ಸಬ್ಜೆಕ್ಟ್’ನಿಂದ ‘ವಿಟ್ನೆಸ್’ ಆದೆ. ಗ್ರ್ಯಾಂಡ್ ಜ್ಯೂರಿ ಮುಂದೆ ಹೋಗುವ ಬದಲು ದಾಖಲೆ ನಮ್ಮದೇ ಎಂಬ ಕಸ್ಟೋಡಿಯನ್ ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ದು ಸಾಕಾಯಿತು.

ಒಟ್ಟು ಖರ್ಚು ಎಪ್ಪತ್ತೈದು ಸಾವಿರದ ಹತ್ತಿರ. ಇನ್ಶೂರೆನ್ಸ್‌ನವರು ಮೊದಲು ಸಬ್‌ಪೀನಾ ‘ಕ್ಲೇಮ್’ ಅಲ್ಲ ಎಂದು ಕೈ ಎತ್ತಿದರು, ಪಾಲಿಸಿಯ ಸಾಲು ತೋರಿಸಿ ಮತ್ತೆ ಬರೆದ ಮೇಲೆ ಹತ್ತು ಸಾವಿರ ಬಂತು. ನಡುವೆ ಒಬ್ಬ ಒಳ್ಳೆಯ ಕ್ಲೈಂಟ್ ಕೈತಪ್ಪಿದ. ಅಮ್ಮನನ್ನು ನೋಡಲು ಮೈಸೂರಿಗೆ ಹೋಗುವಾಗ ವಕೀಲರು ಮೊದಲೇ ಪ್ರಾಸಿಕ್ಯೂಟರ್‌ಗೆ ತಿಳಿಸಿದ್ದರು. ವಾರಂಟ್ ಇಲ್ಲದೆ ಫೋನ್ ನೋಡುವ ಅಧಿಕಾರ ತಮಗಿದೆ ಎಂದು ಗಡಿ ಅಧಿಕಾರಿಗಳು ಹೇಳುವುದರಿಂದ ವಕೀಲರ ಪತ್ರವಿದ್ದ ಫೋನನ್ನು ಇಲ್ಲೇ ಬಿಟ್ಟು ಹೋದೆ.

ಆರೋಪ ಹೊರಿಸಲು ಸಾಮಾನ್ಯವಾಗಿ ಕಾಲಮಿತಿ ಐದು ವರ್ಷ, ಬ್ಯಾಂಕ್ ವಂಚನೆಯಂಥವಕ್ಕೆ ಹತ್ತು. ಅದಕ್ಕೇ ಹೋಲ್ಡ್ ಇನ್ನೂ ತೆಗೆದಿಲ್ಲ, ವಾಲ್ಟ್‌ನ ದುಡ್ಡು ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಹೊಸ ಕನ್ಸಲ್ಟೆಂಟ್ ಸೇರಿದ ದಿನದಿಂದಲೇ ಆ ಮೂರು ಹಾಳೆ ಜೋಡಿಸುವ ಕೆಲಸ ಈಗ ಹಾಸನದ ಹುಡುಗನದು.