ಗುಡಿ ಕಟ್ಟಿದ ಆಚಾರಿಯ ಹೆಸರು ಹುಡುಕುವುದು ಹೇಗೆ?

ಬೇಕಲ ಕೋಟೆ ಕಟ್ಟಿದ್ದು ಯಾರು ಎಂದರೆ ಕೆಳದಿಯ ಶಿವಪ್ಪ ನಾಯಕ ಎನ್ನುತ್ತಾರೆ. ಅವನು ಕಟ್ಟಿಸಿದವನು. ಕಾಸರಗೋಡಿನ ಗುಡಿ, ಬೀಡು, ತರವಾಡು (ಕುಟುಂಬದ ಮೂಲ) ಮನೆಗಳ ಬಗ್ಗೆ ಬರೆಯುವವರು ಎಡವುವುದು ಈ ‘ಇಸು’ ಪ್ರತ್ಯಯದಲ್ಲೇ.

1. ಶಾಸನದ ಕ್ರಿಯಾಪದ ನೋಡಿ. ‘ಮಾಡಿಸಿದ’, ‘ಕಟ್ಟಿಸಿದ’ ಎಂದಿದ್ದರೆ ಅದು ಹಣ ಕೊಟ್ಟವರ ಹೆಸರು. ‘ಕಂಡರಿಸಿದ’ ಎಂದಿದ್ದರೆ ಅಕ್ಷರ ಕೆತ್ತಿದವನದು; ಅವನೇ ಗುಡಿಯ ಶಿಲ್ಪಿ ಎಂದುಕೊಳ್ಳಬೇಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಶಿಲ್ಪದಡಿ ಹೆಸರು ಬಿಟ್ಟುಹೋಗಿದ್ದಾನೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ತೂತು ಮೈಯಲ್ಲಿ ಅಂಥ ಸಣ್ಣ ಅಕ್ಷರ ನಿಲ್ಲುವುದು ಕಷ್ಟ. ಅಡ್ಡ, ಜಂತಿ, ಮುಚ್ಚಿಗೆಯ ಮರ ನೋಡಿ. ಅಕ್ಷರಕ್ಕೆ ಸುಣ್ಣ, ಎಣ್ಣೆ ಬಳಿಯಬೇಡಿ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆದರೆ ಸಾಕು.

2. ಇಸವಿ ಲೆಕ್ಕ ಹಾಕಿ. ಹೆಚ್ಚು ಕೆಡುವುದು ಇಲ್ಲಿ. ಬರೀ ‘ಶಾರ್ವರಿ ಸಂವತ್ಸರ’ ಎಂದಿದ್ದರೆ 1840, 1900, 1960 ಮೂರೂ ಆಗಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷವಿದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿವರೆಗಿನ ತಿಥಿಗೆ 79. ಮಲಯಾಳದ ಕೊಲ್ಲವರ್ಷ ಆರಂಭವಾಗುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ: ಡಿಸೆಂಬರ್ ಕೊನೆವರೆಗೆ 824, ಜನವರಿಯಿಂದ 825 ಸೇರಿಸಬೇಕು. ಎಲ್ಲದಕ್ಕೂ ಒಂದೇ ಅಂಕಿ ಕೂಡಿಸುವ ಮೊಬೈಲ್ ಆಪ್‌ಗಳನ್ನು ನಂಬಬೇಡಿ, ಪಂಚಾಂಗ ಬಿಡಿಸಿ. ಹಂಚಿನ ಅಡಿಯ ಮುದ್ರೆಯೂ ಮೋಸ ಮಾಡುತ್ತದೆ. ಬಾಸೆಲ್ ಮಿಶನ್ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಮುದ್ರೆ ಹೇಳುವುದು ಆ ಹಂಚು ಅದಕ್ಕಿಂತ ಹಳೆಯದಲ್ಲ ಎಂದಷ್ಟೆ. ಮುಳಿಹುಲ್ಲು ತೆಗೆದು ಹಂಚು ಹೊದಿಸಿದ ಗೋಡೆಗಳು ಎಷ್ಟೋ ಇವೆ. ಗುಡಿಯ ಪುನಃಪ್ರತಿಷ್ಠೆಯಲ್ಲೂ ನಡೆಯುವ ಬ್ರಹ್ಮಕಲಶದ ಫಲಕವೂ ಹಾಗೆಯೇ, ಅದು ಜೀರ್ಣೋದ್ಧಾರದ ವರ್ಷವಾಗಿರಬಹುದು.

3. ಅಳೆಯಿರಿ. ಬಟ್ಟೆಯ ಟೇಪು ಹಿಗ್ಗುತ್ತದೆ, ಉಕ್ಕಿನದೇ ಇರಲಿ. ಗಾರೆ ಬಳಿದ ಗೋಡೆಯನ್ನು ಬಿಟ್ಟು ಅಧಿಷ್ಠಾನದ, ಅಂದರೆ ಗುಡಿಯ ತಳಪೀಠದ, ಸುತ್ತಳತೆ ಹಿಡಿಯಿರಿ. ಕೋಲು ಎಂದರೆ 24 ಅಂಗುಲ, ಸುಮಾರು 72 ಸೆಂ.ಮೀ. ಸುತ್ತಳತೆ ಕೋಲು-ಅಂಗುಲದ ಲೆಕ್ಕಕ್ಕೆ ಹೊಂದಿದರೆ ಸಾಂಪ್ರದಾಯಿಕ ಆಯದ (ವಾಸ್ತುವಿನ ಅಳತೆ ಲೆಕ್ಕ) ಕೆಲಸವಿರಬಹುದು. ಅಡಿ ಲೆಕ್ಕದಲ್ಲಿ ದುಂಡು ಸಂಖ್ಯೆ ಬಂದರೆ ಆ ಭಾಗ ಆಮೇಲಿನದೋ ಎಂದು ಅನುಮಾನಿಸಿ.

4. ಕಡತ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದರಾಸಿಗೆ ಸೇರಿತ್ತು. ಆದ್ದರಿಂದ ಹಳೆಯದಕ್ಕೆ ಮಂಗಳೂರು ಮತ್ತು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ; ಅಲ್ಲಿಂದ 1984ರಲ್ಲಿ ಕಾಸರಗೋಡೇ ಜಿಲ್ಲೆಯಾಗುವವರೆಗಿನದಕ್ಕೆ ಕಣ್ಣೂರು. ನನ್ನ ಮಟ್ಟಿಗೆ ಇದಕ್ಕಿಂತ ಮೊದಲು ನೋಡಬೇಕಾದದ್ದು ಆಡಳಿತ ಮೊಕ್ತೇಸರರ ಮನೆಯ ಲೆಕ್ಕಪುಸ್ತಕ. ಆಚಾರಿಗೆ ಕೊಟ್ಟ ಅಕ್ಕಿ, ಕೂಲಿ, ಪಂಚೆ ಬರೆದಿಟ್ಟ ಕಡೆ ಹೆಸರೂ ಸಿಗುತ್ತದೆ.

5. ಆಚಾರಿ ಮನೆತನದವರನ್ನು ಕೇಳಿ. ‘ಈ ಗುಡಿ ನಿಮ್ಮ ಅಜ್ಜ ಕಟ್ಟಿದ್ದಲ್ಲವೇ?’ ಎಂದರೆ ಯಾರಾದರೂ ಹೌದು ಎಂದಾರು. ‘ಅಜ್ಜ ಎಲ್ಲೆಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು?’ ಎನ್ನಿ, ಅವರು ಹೇಳುವ ಊರುಗಳನ್ನು ಲೆಕ್ಕಪುಸ್ತಕದ ಜೊತೆ ತಾಳೆ ನೋಡಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದೇ ಹೆಸರಿನ ಇಬ್ಬರು ಒಬ್ಬರಾಗಿಬಿಡುತ್ತಾರೆ. ಪ್ರತಿ ಹೆಸರಿನ ಮುಂದೆ ತಂದೆಯ ಹೆಸರನ್ನೂ ಬರೆದುಕೊಳ್ಳಿ.